ನಮ್ಮನೆಯವರು ಮೈಕು ಹಿಡಿದ ಸಂಜೆ

ಹಾಡಲು ಬಾರದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಮಗೆ ಹಾಡಲು ಬಾರದೆಂದು ಒಪ್ಪಿಕೊಂಡವರನ್ನು ಮಾತ್ರ ಇನ್ನೂ ನೋಡಿಲ್ಲ. ಅಡುಗೆ ಬಾರದವರು ಹೋಟೆಲಿನಿಂದ ತರಿಸುತ್ತಾರೆ, ಈಜು ಬಾರದವರು ದಡದಲ್ಲಿ ಕೂತಿರುತ್ತಾರೆ, ಹಾಡು ಬಾರದವರು ಮಾತ್ರ ಸುಮ್ಮನಿರುವುದಿಲ್ಲ. ಹಿಂದೆ ಇವರಿಗೆಲ್ಲ ಬಚ್ಚಲುಮನೆ ಸಾಕಾಗುತ್ತಿತ್ತು. ಹಂಡೆ, ಚೊಂಬು, ಹೆಚ್ಚೆಂದರೆ ಗೋಡೆಯ ಮೇಲಿನ ಹಲ್ಲಿ ಕೇಳುತ್ತಿದ್ದವು; ಯಾವುದೂ ದೂರು ಹೇಳುತ್ತಿರಲಿಲ್ಲ. ಈಗ ಅವರಿಗೆಂದೇ ಓಪನ್ ಮೈಕ್ ಎಂಬ ಏರ್ಪಾಟು ಬಂದಿದೆ. ಯಾರು ಬೇಕಾದರೂ ಹೆಸರು ಕೊಟ್ಟು ಹಾಡಬಹುದು. ತಡೆಯುವವರು ಯಾರೂ ಇಲ್ಲ ಎನ್ನುವುದೇ ಅದರ ನಿಯಮ.

ನಮ್ಮ ಹಾಸನಕ್ಕೆ ಅದು ಬಂದದ್ದು ಕಳೆದ ಚಳಿಗಾಲದಲ್ಲಿ. ಅರಕಲಗೂಡಿನ ಕಡೆಯ ಚಿರಂತ್ ಎಂಬ ಗಡ್ಡಧಾರಿ ನಮ್ಮ ಬಡಾವಣೆಯಲ್ಲಿ ಒಂದು ತಾರಸಿಯನ್ನು ಬಾಡಿಗೆಗೆ ಹಿಡಿದು ಕೆಫೆ ತೆರೆದ. ಕಾಫಿ ಬೆಳೆಯುವ ಜಿಲ್ಲೆಯವರಿಗೆ ಕಾಫಿಯನ್ನು ಮರದ ಹಲಗೆಯ ಮೇಲಿಟ್ಟು, ನೊರೆಯಲ್ಲಿ ಎಲೆಯ ಚಿತ್ರ ಬಿಡಿಸಿ ಕೊಡುವ ಧೈರ್ಯ ಅವನದು. ಶನಿವಾರ ಸಂಜೆ ಅಲ್ಲಿ ಸಂಗೀತ. "ಡಿಸೆಂಬರ್ ಚಳೀಲಿ, ಬಯಲು ತಾರಸಿ ಮೇಲೆ ಯಾಕಪ್ಪಾ?" ಎಂದು ಕೇಳಿದರೆ, "ಅದೇ ವೈಬ್ ಆಂಟಿ" ಎಂದ. ವೈಬ್ ಎಂದರೇನೆಂದು ನನಗೆ ಆಮೇಲೆ ತಿಳಿಯಿತು. ಹಲ್ಲು ಕಟಕಟ ಎನ್ನುತ್ತಿರುವಾಗ ತುಂಬಾ ಚೆನ್ನಾಗಿದೆ ಎಂದು ಪಕ್ಕದವರಿಗೆ ಹೇಳುವುದು.

ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಮ್ಮ ಯಜಮಾನರು ರಂಗಸ್ವಾಮಿ ಹಾಸನದಲ್ಲೇ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ಮಾತು ಕಡಿಮೆ. ಆಫೀಸಿನಲ್ಲಿ ಸಾಹೇಬರು ಮಾತಾಡುತ್ತಾರೆ, ಮನೆಯಲ್ಲಿ ನಾನು. ಇಂಥವರ ಫೋನಿಗೆ ನಮ್ಮ ಮಗಳು ಹಾಸ್ಟೆಲಿಗೆ ಹೊರಡುವಾಗ ಕರೋಕೆ ಆ್ಯಪ್ ಹಾಕಿಕೊಟ್ಟು ಹೋದಳು. ಹಾಡಿನ ಹಿಂದಿನ ವಾದ್ಯವನ್ನೆಲ್ಲ ಅದೇ ನುಡಿಸುತ್ತದೆ. ಗಂಟಲು ಮಾತ್ರ ನಮ್ಮದು. ಶುರುವಾಯಿತು ನೋಡಿ. ಹಾಸಿಗೆ ಮಡಿಸುವಾಗ ಹಾಡು, ಮುಖಕ್ಕೆ ಸೋಪು ಬಳಿದುಕೊಂಡು ಹಾಡು. ಅದೂ ಒಂದೇ ಹಾಡು, ಹಳೆಯ ಸಿನಿಮಾದ ವಿರಹಗೀತೆ. ಪಲ್ಲವಿ ನೆಲದ ಮೇಲೆ ನಡೆಯುತ್ತದೆ, ಚರಣದಲ್ಲಿ ದನಿ ಇದ್ದಕ್ಕಿದ್ದ ಹಾಗೆ ಆಕಾಶಕ್ಕೆ ಏರಬೇಕು. ನಮ್ಮವರು ಅಲ್ಲಿಗೆ ಬಂದಾಗ ಏಣಿಯ ಅರ್ಧದಲ್ಲಿ ಸಿಕ್ಕಿಕೊಂಡವರ ಹಾಗೆ ಕೂಗುತ್ತಿದ್ದರು. "ರೀ, ಕುಕ್ಕರ್ ಕೂಗ್ತೋ ನೀವು ಕೂಗಿದ್ರೋ ಗೊತ್ತಾಗ್ತಿಲ್ಲ" ಎಂದು ನಾನು ಅಡುಗೆಮನೆಯಿಂದ ಹೇಳುತ್ತಿದ್ದೆ. ನಾನು ಎದುರಿಗೇ ಇರುವಾಗ ಇದು ಯಾರ ವಿರಹ ಎಂದೂ ಒಮ್ಮೆ ಕೇಳಿದೆ. "ಅದು ಭಾವ, ಸುಶೀಲಾ" ಎಂದರು. ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಡಬ್ಬಿ ಬಿಚ್ಚುವ ಹೊತ್ತಿಗೆ ಅವರ ಚರಣವನ್ನು ನಾನು ಅಣಕಿಸಿ ತೋರಿಸುವುದು, ಎಲ್ಲರೂ ಅನ್ನ ನೆತ್ತಿಗೆ ಹತ್ತಿಸಿಕೊಂಡು ನಗುವುದು ನಿತ್ಯದ ಕಾರ್ಯಕ್ರಮವಾಯಿತು.

ಹೀಗಿರುವಾಗ ಒಂದು ಸೋಮವಾರ ಅವರು, "ಶನಿವಾರಕ್ಕೆ ಹೆಸರು ಕೊಟ್ಟಿದೀನಿ" ಎಂದರು. ಆ ವಾರವಿಡೀ ಮೊಸರು ಬಿಟ್ಟರು, ಬಾಳೆಹಣ್ಣು ಬಿಟ್ಟರು, ಗಂಟಲು ಸವೆಯದಿರಲೆಂದು ಮಾತನ್ನೂ ಬಿಟ್ಟರು. ಈ ಕೊನೆಯದು ನನಗೆ ಗೊತ್ತಾದದ್ದು ಗುರುವಾರ. ದಂಡಿಗನಹಳ್ಳಿಯಿಂದ ನಮ್ಮ ಅತ್ತೆ ಮಂಡಿನೋವು ತೋರಿಸಲು ಬಂದಿದ್ದರು. ಮಗ ಹಾಡುತ್ತಾನೆಂದು ತಿಳಿದು, "ನಾನೂ ಬತ್ತೀನಿ ಕಣವ್ವ" ಎಂದು ಶಾಲು ಹೊದ್ದು ಹೊರಟರು.

ತಾರಸಿಯ ಮೇಲೆ ಜನ ತುಂಬಿದ್ದರು. ಸಂಗೀತಕ್ಕೆ ಇಷ್ಟು ಅಭಿಮಾನಿಗಳೇ ಎಂದು ನಾನು ಬೆರಗಾದೆ. ಆಮೇಲೆ ನೋಡಿದರೆ ಅಲ್ಲಿದ್ದವರೆಲ್ಲ ಹಾಡಲು ಬಂದವರು ಮತ್ತು ಅವರ ಮನೆಯವರು. ಒಬ್ಬರ ಹಾಡು ಮುಗಿದ ಕೂಡಲೇ ಒಂದು ಸಂಸಾರ ಎದ್ದು ಕೆಳಗಿಳಿಯುತ್ತಿತ್ತು. ಸೈಟು ಮಾರುವವರೊಬ್ಬರು ಎರಡು ಸಾಲು ಹಾಡಿ, ನಡುವೆ ತಮ್ಮ ಹೊಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟಿರುವ ಜಾಗದ ವಿಷಯ ಹೇಳಿ, ಮತ್ತೆ ಎರಡು ಸಾಲು ಹಾಡಿದರು. ಚನ್ನರಾಯಪಟ್ಟಣದಿಂದ ಬಂದಿದ್ದ ದಂತವೈದ್ಯರೊಬ್ಬರು ಗಿಟಾರ್ ಹಿಡಿದು, ಕಣ್ಣು ಮುಚ್ಚಿ, ಇಂಗ್ಲಿಷಿನಲ್ಲಿ ಬಹಳ ಹೊತ್ತು ನರಳಿದರು.

"ಇವನ್ಯಾರವ್ವ, ಅಲ್ಲು ಕೀಳುಸ್ಕಂಡೋನಂಗೆ ಅಳ್ತಾವ್ನೆ?" ಎಂದರು ಅತ್ತೆ, ತಾರಸಿಗೆಲ್ಲ ಕೇಳುವಂತೆ.

"ಮೆಲ್ಲಗೆ ಅತ್ತೆ! ಅವರೇ ಹಲ್ಲಿನ ಡಾಕ್ಟ್ರು."

"ಅಂಗಾದ್ರೆ ದಿನಾ ಕೇಳೀ ಕೇಳೀ ಕಲ್ತವ್ನೆ ಬುಡು."

ಕೊನೆಗೆ ನಮ್ಮವರ ಹೆಸರು ಕೂಗಿದರು. ಅವರು ಎದ್ದು ಮಂಕಿ ಕ್ಯಾಪಿಗೆ ಕೈ ಹಾಕಿದ್ದೇ ತಡ, "ಟೋಪಿ ತೆಗೀಬ್ಯಾಡ ಕಣ್ಲಾ ರಂಗ, ಸೀತ ಆಯ್ತದೆ!" ಎಂದು ಅತ್ತೆ ಕೂಗಿದರು. ಜನ ಗೊಳ್ಳೆಂದಿತು. ಕಚೇರಿಯ ಸೂಪರಿಂಟೆಂಡೆಂಟರು ತಾಯಿಯ ಆಜ್ಞೆಯಂತೆ ಕ್ಯಾಪು ಹಾಕಿಕೊಂಡೇ ಮೈಕಿನ ಮುಂದೆ ನಿಂತರು. ಪಲ್ಲವಿ ಪರವಾಗಿಲ್ಲ ಎನ್ನುವಂತೆ ಹೋಯಿತು. ಚರಣದಲ್ಲಿ ದನಿ ಮೇಲೆ ಹೊರಟದ್ದು ಅಲ್ಲೇ ಒಡೆದು ಹೋಯಿತು. ಇನ್ನೊಂದು ಸಲ ಯತ್ನಿಸಿದರು, ಬರೀ ಗಾಳಿ ಬಂತು. ಕರೋಕೆ ಮಾತ್ರ ಇವರಿಗಾಗಿ ಕಾಯದೆ ಪಿಟೀಲು ನುಡಿಸುತ್ತಾ ಮುಂದೆ ಹೋಗುತ್ತಿತ್ತು. ಮುಂದಿನ ಟೇಬಲ್ಲಿನ ಯುವಕರು ಫೋನ್ ಎತ್ತಿದರು. ಅವರಲ್ಲೊಬ್ಬ ನಗುತ್ತಾ ಆ ಒಡೆದ ದನಿಯನ್ನು ಅಣಕಿಸಿದ. ಸುಳ್ಳು ಯಾಕೆ ಹೇಳಲಿ, ನನಗಿಂತ ಚೆನ್ನಾಗಿ ಅಣಕಿಸಿದ.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಆ ಮನುಷ್ಯ ಉಣ್ಣೆಯ ಟೋಪಿಯೊಳಗಿಂದ, ಯಾರಾದರೂ ಇಳಿದು ಬಾ ಎಂದರೆ ಸಾಕು ಎನ್ನುವ ಹಾಗೆ ನೋಡುತ್ತಿದ್ದರು. ನನ್ನ ಮೈ ಉರಿಯಿತು. ಅವರನ್ನು ಆಡಿಕೊಳ್ಳುವುದು ನಾನು ಮದುವೆಯಾಗಿ, ಸಂಸಾರ ಮಾಡಿ ಸಂಪಾದಿಸಿದ ಹಕ್ಕು. ಒಂದು ಕಾಫಿ ಕೊಂಡವನಿಗೆಲ್ಲ ಸಿಗುವಂಥದ್ದಲ್ಲ. ದಡದಡನೆ ವೇದಿಕೆ ಹತ್ತಿ ಮೈಕು ಕಿತ್ತುಕೊಂಡು, "ಯಾರದು ನಕ್ಕಿದ್ದು? ಎದ್ದು ನಿಂತ್ಕೋ!" ಎಂದೆ.

ಅಣಕಿಸಿದವನು ಎದ್ದು ನಿಂತೇಬಿಟ್ಟ. "ಸಾರಿ ಮಿಸ್" ಎಂದ. ಹೊಳೆನರಸೀಪುರದಲ್ಲಿ ನನ್ನ ಕೈಯಲ್ಲೇ ಬೀಜಗಣಿತ ಕಲಿತವನು. ತಾರಸಿ ಗಪ್‌ಚಿಪ್ಪಾಯಿತು. ಇಷ್ಟಾದ ಮೇಲೆ ಇಳಿದು ಬರಬೇಕಿತ್ತು. ಆದರೆ ಅಷ್ಟರಲ್ಲಿ ಎರಡನೆಯ ಚರಣ ಬಂತು, ಮೈಕು ನನ್ನ ಕೈಯಲ್ಲಿತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೇಡವೆಂದರೂ ತಿಂಗಳುಗಟ್ಟಲೆ ಕೇಳಿದ ಹಾಡು. ಬಾಯಿ ತೆರೆದೆ. ನಮ್ಮವರೂ ಧೈರ್ಯ ತಂದುಕೊಂಡು ಸೇರಿದರು. ವಾದ್ಯ ನಮಗಿಂತ ಮೊದಲು ಮುಗಿಯಿತು. ನಾವು ಹೇಗೋ ಹಿಂದಿನಿಂದ ಬಂದು ತಲುಪಿದೆವು. ಚಪ್ಪಾಳೆ ಜೋರಾಗಿಯೇ ಬಿತ್ತು. ಚಳಿಗೆ ಅಂಗೈ ಬಿಸಿ ಮಾಡಿಕೊಳ್ಳಲು ತಟ್ಟಿದರೆಂದು ಹೇಳುವವರು ಹೇಳಲಿ.

"ಇಬ್ರೂ ಜಗಳ ಆಡ್ದಂಗಿತ್ತು ಕಣವ್ವ. ಸಂದಾಗಿತ್ತು" ಎಂದರು ಅತ್ತೆ.

ಮನೆಗೆ ನಡೆಯುವಾಗ ನಮ್ಮವರು ನನ್ನ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು, ಚಳಿಗೆ ಇದ್ದರೂ ಇರಬಹುದು. "ನೀನು ಬರದಿದ್ರೆ ನಾನು ಅಲ್ಲೇ ಸತ್ತುಹೋಗ್ತಿದ್ದೆ, ಸುಶೀಲಾ" ಎಂದರು. ನಾನೂ ಕರಗಿದೆ. ನಾಲ್ಕು ಹೆಜ್ಜೆ ಆದ ಮೇಲೆ, "ಆದ್ರೆ ಕೊನೇಲಿ ನೀನು ಸ್ವಲ್ಪ ಅವಸರ ಮಾಡ್ದೆ" ಎಂದರು. ನಾನು ಕೈ ಬಿಡಿಸಿಕೊಂಡು ಅತ್ತೆಯ ಪಕ್ಕಕ್ಕೆ ಹೋಗಿ ನಡೆದೆ.

ಮರುದಿನ ಆ ಹಳೆಯ ವಿದ್ಯಾರ್ಥಿ, ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ, ವಿಡಿಯೋ ಕಳಿಸಿದ. ನೋಡಿದೆ. ಮತ್ತೆ ನೋಡಿದೆ. ನನ್ನ ದನಿ ಇಷ್ಟು ಇಂಪಾಗಿದೆ ಎಂದು ಈವರೆಗೆ ಯಾರೂ ಹೇಳಿರಲಿಲ್ಲವಲ್ಲ ಎಂದು ಜನರ ಮೇಲೆ ಬೇಸರವಾಯಿತು. ಅಲ್ಲಲ್ಲಿ ಅಪಸ್ವರ ಕೇಳುವುದು ಆ ಹುಡುಗನ ಫೋನಿನ ದೋಷ. ಒಂದೇ ತೊಂದರೆಯೆಂದರೆ ಪಕ್ಕದಲ್ಲಿ ಮಂಕಿ ಕ್ಯಾಪಿನ ಒಬ್ಬರು ನಿಂತು ಹಾಡು ಕೆಡಿಸುತ್ತಿದ್ದರು. ಅವರೊಬ್ಬರೇ ಹಾಡಿದ ಮೊದಲ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ನಮ್ಮ ತವರಿನವರ ವಾಟ್ಸಾಪ್ ಗುಂಪಿಗೆ, "ನನಗೆ ಗೊತ್ತಾಗದ ಹಾಗೆ ಯಾರೋ ತೆಗೆದಿದ್ದಾರೆ" ಎಂದು ಬರೆದು ಕಳಿಸಿದೆ. ಸಂಜೆಯ ತನಕ ಯಾರೂ ಉಸಿರೆತ್ತಲಿಲ್ಲ. ಕೊನೆಗೆ ದೊಡ್ಡಣ್ಣ ಮಾತ್ರ ಕೈಮುಗಿದಿರುವ ಎರಡು ಹಸ್ತದ ಚಿತ್ರ ಕಳಿಸಿದ. ಅದು ಮೆಚ್ಚುಗೆಯೂ ಇರಬಹುದು, ಸಾಕು ತಾಯಿ ಎಂಬ ಬೇಡಿಕೆಯೂ ಇರಬಹುದು. ನಾನು ಮೆಚ್ಚುಗೆಯೆಂದೇ ತೀರ್ಮಾನಿಸಿ, ಹಾಡನ್ನು ಮೊದಲಿಂದ ಕೊನೆಯವರೆಗೆ ಹೊಸದಾಗಿ ಹಾಡಿ, ಅವನೊಬ್ಬನಿಗೇ ಕಳಿಸಿದೆ. ಆಮೇಲೆ ಅಣ್ಣ ವಾಟ್ಸಾಪಿನಲ್ಲಿ ಕಾಣಿಸಿಕೊಂಡಿಲ್ಲ. ಅವನ ಫೋನ್ ಕೆಟ್ಟಿರಬೇಕು.