ಕಡ್ಲೆಬೀಜದ ಮುಹೂರ್ತ

ನಾನು ಧೈರ್ಯವಂತನೆಂದು ಎಲ್ಲೂ ಹೇಳಿಕೊಂಡವನಲ್ಲ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಅರವತ್ತು ಮಕ್ಕಳನ್ನು ಕಣ್ಣಲ್ಲೇ ಹದ್ದುಬಸ್ತಿನಲ್ಲಿಡುವ ಮೇಷ್ಟರಿಗೆ, ಆರೂವರೆ ತಿಂಗಳ ಮಗಳ ಬಾಯಿಗೆ ಚೂರು ಕಡ್ಲೆಬೀಜ ಇಡಲು ಧೈರ್ಯ ಸಾಲಲಿಲ್ಲವೆಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಹಾಸನದ ಮಕ್ಕಳ ಡಾಕ್ಟರು, "ಕಡ್ಲೆಬೀಜಕ್ಕೆ ವರ್ಷ ತುಂಬ್ಲಿ ಅಂತ ಕಾಯ್ಬೇಡಿ. ಈಗ್ಲೇ ಶುರು ಮಾಡಿದ್ರೆ ಅಲರ್ಜಿ ಬರೋದು ಕಮ್ಮಿ. ಇಡೀ ಬೀಜ ಬೇಡ, ನುಣ್ಣಗೆ ಅರೆದು ರಾಗಿ ಸರೀಲಿ ತೆಳ್ಳಗೆ ಕಲಸಿ. ಕೊಟ್ಟು ಎರಡು ಗಂಟೆ ಮಗೂನ ನೋಡ್ತಿರಿ" ಎಂದರು. ಆಮೇಲೆ, "ಮನೇಲಿ ಯಾರಿಗಾದ್ರೂ ಅಲರ್ಜಿ ಇದ್ಯಾ?" ಎಂದು ಕೇಳಿದರು. "ನನಗಿದೆ ಡಾಕ್ಟ್ರೇ, ಬದನೆಕಾಯಿ!" ಎಂದೆ. ಹೇಳುವಾಗ ಕೊಂಚ ಹೆಮ್ಮೆಯೂ ಇತ್ತು. ಮದುವೆಮನೆಗಳಲ್ಲಿ ಎಲೆಗೆ ಕೈ ಅಡ್ಡ ಹಿಡಿದು, ಬದನೆಕಾಯಿ ತಪ್ಪಿಸಿಕೊಂಡೇ ಮೂವತ್ತು ವರ್ಷ ಬಾಳಿದವನು ನಾನು.

ಅಮ್ಮ ಪಂಚಾಂಗ ತೆಗೆದಳು. "ಶುಕ್ರವಾರ ಹತ್ತೂವರೆಗೆ ರಾಹುಕಾಲ. ಎಂಟೂವರೆಗೇ ತಿನ್ನಿಸ್ಬುಡಿ, ನಿಮ್ಮ ಎರಡು ಗಂಟೆ ಅಷ್ಟ್ರಲ್ಲಿ ಮುಗ್ಯುತ್ತೆ" ಎಂದಳು. ರಜೆ ಹಾಕಿದೆ. ಏನಾದರೂ ಆದರೆ ಆಸ್ಪತ್ರೆಗೆ ಓಡಲು ಮಂಜಣ್ಣನ ಆಟೋವನ್ನು ಬಾಗಿಲಲ್ಲೇ ನಿಲ್ಲಿಸಿದೆ. "ಏನ್ ಸಾ, ಕಡ್ಲೆಬೀಜಕ್ಕೆ ಆಟೋನಾ? ನಮ್ ಒಲ್ದಾಗೆ ಐಕ್ಳು ಗಿಡ ಕಿತ್ಕಂಡೇ ತಿಂತವೆ!" ಎಂದು ಅವನು ಬಿದ್ದು ಬಿದ್ದು ನಕ್ಕ.

ನನ್ನ ಹೆಂಡತಿ ಸುಧಾ ಚಮಚದ ತುದಿಯಲ್ಲಿ ಸರಿಯನ್ನು ಬಾಯಿಗಿಟ್ಟಳು. ಪುಟ್ಟಿ ಹುಬ್ಬು ಗಂಟಿಕ್ಕಿದಳು. ಮರುಕ್ಷಣ ಚಮಚವನ್ನೇ ಎರಡೂ ಕೈಯಲ್ಲಿ ಹಿಡಿದೆಳೆದಳು, ಕಳ್ಳಿ! ಐದೈದು ನಿಮಿಷಕ್ಕೊಮ್ಮೆ ಅಂಗಿ ಎತ್ತಿ ಹೊಟ್ಟೆ, ಬೆನ್ನು, ತೊಡೆ ನೋಡಿದೆ. ಒಂದೇ ಒಂದು ಗುಳ್ಳೆಯೂ ಏಳದಿರಲಪ್ಪ ದೇವರೇ ಎಂದು ಬೇಡಿಕೊಂಡೆ. ಹತ್ತೂವರೆಯಾಯಿತು. ಏನೂ ಆಗಲಿಲ್ಲ! ಕುಣಿದುಬಿಟ್ಟೆ. ಮಂಜಣ್ಣನಿಗೂ ಕಾಫಿ ಕೊಟ್ಟೆವು.

ಅಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ಅಲ್ಲ ಕಣೋ, ನಾಲ್ಕನೇ ಕ್ಲಾಸಲ್ಲಿ ಬದನೆಕಾಯಿ ಬೇಡ ಅಂತ ನೀನೇ ಮೈ ಪರಪರ ಕೆರ್ಕೊಂಡೆ. ಅಯ್ಯೋ ಪಾಪ ಅಂತ ನಾನೂ ಬಿಟ್ಟೆ. ಮಗೂನೇ ಧೈರ್ಯ ಮಾಡ್ತು, ಇವತ್ತು ನಿಂದೂ ನೋಡೇಬಿಡಾಣ!"

ನಿಜ ಹೇಳಲೇ? ಹೇಳಿ ಹೇಳಿ ಆ ಸುಳ್ಳನ್ನು ನಾನೇ ನಂಬಿಬಿಟ್ಟಿದ್ದೆ. ಮಧ್ಯಾಹ್ನ, ಉಳಿದ ಕಡ್ಲೆಬೀಜ ಹಾಕಿದ ಬದನೆಕಾಯಿ ಎಣ್ಣೆಗಾಯಿ ಎಲೆಗೆ ಬಿತ್ತು. ಸುಧಾ ಗಡಿಯಾರ ನೋಡಿದಳು. ಅಮ್ಮ ಕನ್ನಡಕ ಹಾಕಿಕೊಂಡು ಎದುರು ಕೂತಳು. ಊಟ ಮುಗಿಸಿ ಎರಡು ಗಂಟೆ ಅವರ ಮುಂದೆ ತೋಳು ಚಾಚಿ ಕೂತೆ. ಒಂದಾದರೂ ಗುಳ್ಳೆ ಏಳಲಪ್ಪ ದೇವರೇ ಎಂದು ಒಳಗೊಳಗೇ ಮೊರೆಯಿಟ್ಟೆ. ದೇವರು ನನ್ನ ಬೆಳಗಿನ ಕೋರಿಕೆಯನ್ನೇ ನಡೆಸಿಕೊಟ್ಟ.

ಮರುದಿನ ಶಾಲೆಯಲ್ಲಿ ಡಬ್ಬಿ ತೆರೆದರೆ ಬದನೆಕಾಯಿ.