ಹನ್ನೆರಡು ಸೆಕೆಂಡಿನ ಕ್ಯಾರೆಟ್ಟು

ಹದಿನೈದು ಸೆಕೆಂಡಿನಲ್ಲಿ ಏನೇನು ಮಾಡಬಹುದು? ಒಂದು ಸೀನು ಸೀನಿ, ಮೂಗು ಒರೆಸಿಕೊಂಡು, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಳ್ಳಬಹುದು. ಮದುವೆಯಾಗಿ ಇಪ್ಪತ್ತಾರು ವರ್ಷವಾದವರಾದರೆ ಒಂದು ಜಗಳ ಶುರುಮಾಡಿ ಅರ್ಧದವರೆಗೆ ತಂದು ನಿಲ್ಲಿಸಬಹುದು. ಆದರೆ ಹದಿನೈದು ಸೆಕೆಂಡಿನಲ್ಲಿ ಒಂದು ಆನೆಯ ಹಿಂಗಾಲು ಹೆಣೆಯಲು ಮಾತ್ರ ಯಾರಿಂದಲೂ ಆಗುವುದಿಲ್ಲ. ಮುಳ್ಳಪ್ಪನವರ ಮನೆಯಲ್ಲಿ ಅಷ್ಟೂ ರಾದ್ಧಾಂತ ನಡೆದದ್ದು ಈ ಒಂದೇ ಕಾರಣಕ್ಕೆ.

ಮುಳ್ಳಪ್ಪ ಎಂಬುದು ಅವರ ನಿಜವಾದ ಹೆಸರಲ್ಲ. ನಿಜವಾದದ್ದು ಬೇರೆ ಇತ್ತು, ಅದು ಗುರುತಿನ ಚೀಟಿಯಲ್ಲಿ ಮಾತ್ರ ಬದುಕಿತ್ತು. ಗಡಿಯಾರದ ಮುಳ್ಳು ಸರಿಮಾಡುವವರೆಂದು ಕೆಲವರು, ಮಾತಿನಲ್ಲಿ ಚುಚ್ಚುವವರೆಂದು ಕೆಲವರು, ಅಂತೂ ಇಡೀ ಬೀದಿ ಅವರನ್ನು ಮುಳ್ಳಪ್ಪ ಎಂದೇ ಕರೆಯುತ್ತಿತ್ತು. ಅವರ ರಿಪೇರಿ ಅಂಗಡಿ ಎರಡು ದೊಡ್ಡ ಅಂಗಡಿಗಳ ನಡುವೆ ಅಳತೆ ತಪ್ಪಿ ಉಳಿದುಹೋದ ಸಂದಿ. ಒಳಗೆ ಅವರು ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು. ಗೋಡೆ ತುಂಬ ನಲವತ್ತು ಗಡಿಯಾರ, ನಲವತ್ತೂ ಬೇರೆ ಬೇರೆ ಸಮಯ. ಎಡಗಣ್ಣಿಗೆ ಒಂದು ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆಂದರೆ ಸಾಸಿವೆಯಷ್ಟಿರುವ ಸ್ಕ್ರೂ ಕೂಡ ಅವರ ಮಾತು ಕೇಳುತ್ತಿತ್ತು. (ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಅದು ಬೇರೆ ವಿಷಯ.)

ಇಂಥ ಮುಳ್ಳಪ್ಪನವರಿಗೆ ಲೋಕದಲ್ಲಿ ಇದ್ದ ಏಕೈಕ ಶತ್ರು ಮೊಬೈಲು. ಜನ ಸಮಯ ನೋಡಲು ಮಣಿಕಟ್ಟು ತಿರುಗಿಸುವುದನ್ನು ಬಿಟ್ಟು ಜೇಬಿಗೆ ಕೈಹಾಕಲು ಶುರುಮಾಡಿದಂದಿನಿಂದ ಅವರ ಅಂಗಡಿಗೆ ಗಿರಾಕಿಗಳಿಗಿಂತ ವಿಳಾಸ ಕೇಳುವವರೇ ಹೆಚ್ಚಾಗಿ ಬರುತ್ತಿದ್ದರು. ಅವರು ಕೇಳುತ್ತಿದ್ದ ವಿಳಾಸವಾದರೂ ಯಾವುದು? ಅದೇ ಬೀದಿಯ ಮೂಲೆಯಲ್ಲಿದ್ದ, ಗಾಜಿನ ಬಾಗಿಲಿನ, ಒಳಗೆ ತಣ್ಣಗೆ ಗಾಳಿ ಬೀಸುವ ಮೊಬೈಲ್ ಅಂಗಡಿಯದು. ಅದರ ಯಜಮಾನ ಯಾರೋ ಹೊರಗಿನವನಾಗಿದ್ದರೆ ಮುಳ್ಳಪ್ಪನವರು ಸಹಿಸಿಕೊಳ್ಳುತ್ತಿದ್ದರು. ಅವನು ಅವರ ಸ್ವಂತ ಭಾಮೈದ, ಹೆಂಡತಿಯ ಒಡಹುಟ್ಟಿದ ತಮ್ಮ.

ಹೀಗಾಗಿ ಅವರು ಇಡೀ ಬಂಧುಬಳಗಕ್ಕೆ ಗೊತ್ತಾಗುವಂತೆ ಒಂದು ಘೋರ ಪ್ರತಿಜ್ಞೆ ಮಾಡಿದ್ದರು. "ನನ್ನ ಮನೇಲಿ ಏನೇ ಕೆಡ್ಲಿ, ನನ್ನ ಕೈಯಲ್ಲೇ ಸರಿಹೋಗಬೇಕು. ನಿನ್ನ ತಮ್ಮನ ಹತ್ರ ಕೈಕಟ್ಟಿ ನಿಂತು ಕೇಳಿದ ದಿನ ಈ ಭೂತಗನ್ನಡಿ ಕೆಳಗಿಡ್ತೀನಿ, ಅಂಗಡಿ ಮುಚ್ತೀನಿ."

"ಅವತ್ತಾದ್ರೂ ಮನೆಯ ಗಡಿಯಾರ ರಿಪೇರಿ ಮಾಡ್ತೀರೇನೋ," ಎಂದಿದ್ದರು ಯಜಮಾನಿಯವರು. ಹಾಲ್‌ನ ಗಡಿಯಾರ ಎಂಟು ವರ್ಷದಿಂದ ನಾಲ್ಕೂ ಇಪ್ಪತ್ತರಲ್ಲೇ ನಿಂತಿತ್ತು.

ಆ ಭಾಮೈದನಿಗೆ ಈಗ ಹೆಣ್ಣುಮಗು ಹುಟ್ಟಿ ಮೂರು ತಿಂಗಳು. ಭಾನುವಾರ ಮಗುವನ್ನು ಕರೆದುಕೊಂಡು ಅಕ್ಕನ ಮನೆಗೆ ಬರುವವನಿದ್ದ. ಸೋದರತ್ತೆಯಾದ ಸಂಭ್ರಮದಲ್ಲಿ ಯಜಮಾನಿಯವರು ಮಗುವಿಗೊಂದು ಸ್ವೆಟರ್ ಹೆಣೆಯಲು ಕೂತಿದ್ದರು. ಬರೀ ಸ್ವೆಟರ್ ಅಲ್ಲ, ಎದೆಯ ಮೇಲೆ ಸೊಂಡಿಲು ಎತ್ತಿ ನಿಂತ ಆನೆ ಇರುವ ಸ್ವೆಟರ್. ಯಾವ ಸಾಲಿನಲ್ಲಿ ಎಷ್ಟು ಕುಣಿಕೆ ಬೂದಿ ಬಣ್ಣ, ಎಷ್ಟು ಹಳದಿ ಎಂದು ಚೌಕ ಚೌಕವಾಗಿ ತೋರಿಸುವ ಚಿತ್ರ ಅವರ ಫೋನಿನಲ್ಲಿತ್ತು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, ಎರಡೂ ಕೈಯಲ್ಲಿ ಕಡ್ಡಿ ಹಿಡಿದು, ತುಟಿಯಲ್ಲಿ ಲೆಕ್ಕ ಹಿಡಿದು ಹೆಣೆಯುತ್ತಿದ್ದರು. ಮಧ್ಯೆ ಮಧ್ಯೆ ಅತ್ತೆಮಗಳ ಮನೆಯ ವಿಚಾರ, ಎದುರುಮನೆಯ ಬಾಡಿಗೆಯವರ ವಿಚಾರ. ಎದುರಿನ ಆರಾಮಕುರ್ಚಿಯಲ್ಲಿ ಮುಳ್ಳಪ್ಪನವರು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅಂದರೆ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. ಅದಕ್ಕೆ ಅವರು ಏಕಾಗ್ರತೆ ಎನ್ನುತ್ತಿದ್ದರು. ಗೊರಕೆಗೆ ಮಾತ್ರ ಅವರ ಬಳಿ ವಿವರಣೆ ಇರಲಿಲ್ಲ.

"ರೀ! ಮತ್ತೆ ಹೋಯ್ತು!"

"ಏನ್ ಹೋಯ್ತು? ಕರೆಂಟಾ?" ಮುಳ್ಳಪ್ಪನವರು ಬೆಚ್ಚಿಬಿದ್ದರು.

"ಆನೆ! ಹನ್ನೊಂದು ಬೂದಿ, ಮೂರು ಹಳದಿ ಅಂತ ನೋಡೋ ಹೊತ್ತಿಗೆ ಪರದೆ ಕಪ್ಪಗಾಯ್ತು. ಹದಿನೈದು ಸೆಕೆಂಡಿಗೇ ಆರಿಹೋಗುತ್ತೆ. ಕಡ್ಡಿ ಕೆಳಗಿಟ್ಟು ಮುಟ್ಟೋಣ ಅಂದ್ರೆ ಕುಣಿಕೆ ಜಾರುತ್ತೆ. ಮೊಣಕೈಯಲ್ಲಿ ಮುಟ್ಟಿದೆ, ಮೂಗಲ್ಲಿ ಮುಟ್ಟಿದೆ. ಇನ್ನೇನ್ರೀ ಉಳಿದಿರೋದು ನನ್ನ ಹತ್ರ?"

"ಕಾಗದದ ಮೇಲೆ ಬರ್ಕೊಳೋದಪ್ಪ."

"ಎರಡು ಸಾವಿರ ಚೌಕ ಇದೆ. ಬರೀತೀರಾ?"

ಮುಳ್ಳಪ್ಪನವರು ಬರೆಯುವ ಮಾತು ಬಿಟ್ಟರು.

"ನನ್ನ ತಮ್ಮನ್ನ ಒಂದು ಮಾತು ಕೇಳ್ತೀನಿ. ಇದು ಆರಿಹೋಗದ ಹಾಗೆ ಮಾಡೋಕೆ ಏನಾದ್ರೂ ಇದ್ದೇ ಇರುತ್ತೆ."

ಅಷ್ಟೇ ಸಾಕಾಯಿತು. ಮುಳ್ಳಪ್ಪನವರ ಏಕಾಗ್ರತೆ ಪೂರ್ತಿ ಹಾರಿಹೋಯಿತು. "ಅವನನ್ನ ಯಾಕೆ ಕೇಳ್ತೀಯ? ಈ ಮನೇಲಿ ಕೈ ಇರೋ ಗಂಡಸು ಯಾರೂ ಇಲ್ವಾ? ಹೋದ ತಿಂಗಳಿಂದ ನಿನ್ನ ಫೋನಿನ ಬ್ಯಾಟರಿ ಎರಡು ದಿನ ಬರ್ತಿದೆಯಲ್ಲ, ಯಾರ ಕೈಗುಣ ಅಂದ್ಕೊಂಡಿದೀಯ? ಒಂದು ಮಧ್ಯಾಹ್ನ ಕೂತು ಅಲ್ಲಿ ಇಲ್ಲಿ ಒತ್ತಿ ಅದರ ಆಯಸ್ಸು ಹೆಚ್ಚು ಮಾಡಿಟ್ಟೆ. ಹಾಗೇ ಇದನ್ನೂ ಮಾಡ್ತೀನಿ."

ಮೊದಲ ಉಪಾಯವಾಗಿ ಅವರು ತಮ್ಮ ತೋರುಬೆರಳನ್ನೇ ಅರ್ಪಿಸಿದರು. ಸಕ್ಕರೆ ಡಬ್ಬಿಯ ಪಕ್ಕ ಕುರ್ಚಿ ಎಳೆದುಕೊಂಡು, ಪರದೆ ಮಂಕಾಗುವ ಮುನ್ನ ಒಮ್ಮೊಮ್ಮೆ ಮುಟ್ಟುವುದು. ಮೊದಲ ಸಲ ಮುಟ್ಟಿದರು. ಎರಡನೇ ಸಲ ಮುಟ್ಟಿದರು. ಮೂರನೇ ಸಲಕ್ಕೆ ಯಜಮಾನಿಯವರು ಎದುರುಮನೆಯವರ ವಿಚಾರ ಎತ್ತಿದ್ದರಿಂದ ಅವರ ರೆಪ್ಪೆ ಇಳಿಯಿತು, ಬೆರಳು ಜಾರಿತು, ಪರದೆಯ ಮೇಲಿನ ಆನೆ ಹೋಗಿ ಹಲ್ಲುಜ್ಜುವ ಪೇಸ್ಟಿನ ಜಾಹೀರಾತು ಬಂತು. ಗಾಬರಿಯಲ್ಲಿ ಯಜಮಾನಿಯವರು ನಾಲ್ಕು ಕುಣಿಕೆ ಹೆಚ್ಚು ಹಾಕಿಬಿಟ್ಟರು. ಗಮನಕ್ಕೆ ಬರುವ ಹೊತ್ತಿಗೆ ಎಂಟು ಸಾಲು ಮೇಲೇರಿತ್ತು, ಆನೆಗೆ ಐದನೆಯ ಕಾಲು ಮೊಳೆತಿತ್ತು.

"ಮುಟ್ಟೋಕೂ ಬರಲ್ವಲ್ರೀ ನಿಮಗೆ!"

ಆ ಮಾತು ಮುಳ್ಳಪ್ಪನವರಿಗೆ ನಿಜಕ್ಕೂ ನಾಟಿತು. ಮೂವತ್ತು ವರ್ಷ ಬೆರಳ ತುದಿಯಲ್ಲೇ ಬದುಕಿದ ಮನುಷ್ಯ. ಮರುದಿನ ಅಂಗಡಿಗೆ ಹೋದವರೇ ಮೂಲೆಯಲ್ಲಿದ್ದ ಹಿತ್ತಾಳೆಯ ಹಳೇ ಅಲಾರಾಂ ಗಡಿಯಾರ ಬಿಚ್ಚಿದರು. ಗಂಟೆ ಬಡಿಯುವ ಸುತ್ತಿಗೆಗೆ ಉದ್ದನೆಯ ತೋಳು ಕೂರಿಸಿದರು, ಹಲ್ಲಿನ ಚಕ್ರ ಬದಲಿಸಿದರು, ಎರಡು ಸ್ಪ್ರಿಂಗ್ ಸೇರಿಸಿ ಒಂದು ಮಾಡಿದರು. ಮೂರು ದಿನ ಅಂಗಡಿಯ ಬೇರೆ ಕೆಲಸವೆಲ್ಲ ಬಂದ್. ಶುಕ್ರವಾರ ಸಂಜೆ ಮನೆಗೆ ತಂದು ಮೇಜಿನ ಮೇಲಿಟ್ಟಾಗ ಅದು ಕೊಕ್ಕರೆಯ ಹಾಗೆ ಒಂಟಿ ಕತ್ತು ಚಾಚಿಕೊಂಡು ನಿಂತಿತ್ತು.

"ಇದು ಹನ್ನೆರಡು ಸೆಕೆಂಡಿಗೊಂದು ಸಲ ಪರದೆ ಮುಟ್ಟುತ್ತೆ," ಎಂದು ಘೋಷಿಸಿದರು. "ಒಂದು ಸಲ ಕೀ ಕೊಟ್ರೆ ಮೂವತ್ತು ಗಂಟೆ. ಮಧ್ಯದಲ್ಲಿ ನಿಲ್ಲಿಸೋದು ನನ್ನಿಂದಲೂ ಆಗಲ್ಲ. ಹಾಗೆ ಮಾಡಿದೀನಿ!"

ಮುಟ್ಟಿತು. ಕಟಕ್ ಎಂದು ಕತ್ತು ಬಗ್ಗಿಸಿ ಠೀವಿಯಿಂದಲೇ ಮುಟ್ಟಿತು. ಪರದೆ ಕ್ಯಾರೇ ಎನ್ನಲಿಲ್ಲ. ತೋಳಿನ ತುದಿಗೆ ಪೆನ್ಸಿಲ್ ಕಟ್ಟಿದರು, ರಬ್ಬರ್ ಕಟ್ಟಿದರು, ಚಮಚದ ಹಿಡಿ ಕಟ್ಟಿದರು. ಹದಿನೈದಕ್ಕೆ ಸರಿಯಾಗಿ ಫೋನು ಕಣ್ಣು ಮುಚ್ಚುತ್ತಲೇ ಇತ್ತು.

"ಅದಕ್ಕೆ ಜೀವ ಇರೋದೇ ಆಗಬೇಕು ಕಣ್ರೀ. ನಿಮ್ಮ ಅಂಗಡಿ ಸಾಮಾನು ಅದಕ್ಕೆ ಗೊತ್ತಾಗಲ್ಲ," ಎಂದ ಯಜಮಾನಿಯವರು, ಹೆಚ್ಚುತ್ತಿದ್ದ ಕ್ಯಾರೆಟ್ಟಿನಿಂದಲೇ ಪರದೆಯನ್ನು ತಿವಿದು ತೋರಿಸಿದರು. ಪರದೆ ಫಕ್ಕನೆ ಬೆಳಗಿತು.

ಇಬ್ಬರೂ ಕ್ಯಾರೆಟ್ಟನ್ನು ನೋಡಿದರು. ಮುಳ್ಳಪ್ಪನವರ ಮುಖದಲ್ಲಿ ಅಂಥ ಕಾಂತಿಯನ್ನು ಯಜಮಾನಿಯವರು ಮದುವೆಯ ದಿನವೂ ಕಂಡಿರಲಿಲ್ಲ. ಹತ್ತು ನಿಮಿಷದಲ್ಲಿ ಹಿತ್ತಾಳೆಯ ತೋಳಿಗೆ ಮೂರಿಂಚಿನ ತಾಜಾ ಕ್ಯಾರೆಟ್ ಬಿಗಿಯಾಗಿ ಕೂತಿತು. ಕಟಕ್! ಪರದೆ ಬೆಳಗಿಯೇ ಇತ್ತು. ಕಟಕ್! ಆಗಲೂ ಬೆಳಗಿಯೇ ಇತ್ತು. ಆ ಸಂಜೆ ಆನೆಯ ಹೊಟ್ಟೆ, ಬೆನ್ನು, ಒಂದು ಕಿವಿ ಎಲ್ಲವೂ ನಿರ್ವಿಘ್ನವಾಗಿ ಮುಗಿದವು. ಐದನೇ ಕಾಲನ್ನು ಬಾಲವೆಂದು ಸಾಧಿಸಿದರಾಯಿತು ಎಂದು ಯಜಮಾನಿಯವರು ತೀರ್ಮಾನಿಸಿದರು.

ಶನಿವಾರ ಮಧ್ಯಾಹ್ನ ಇನ್ನು ಸೊಂಡಿಲು ಮಾತ್ರ ಬಾಕಿ. ಲೆಕ್ಕ ತಪ್ಪದಿರಲೆಂದು ಫೋನಿನ ಗಂಟೆಯ ಸದ್ದು ಅಡಗಿಸಿಟ್ಟಿದ್ದರು. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿದ ವಾಸನೆ ಬಂದು ಯಜಮಾನಿಯವರು ಅಡುಗೆಮನೆಗೆ ಓಡಿದರು. ಯಂತ್ರದಿಂದ ಒಂದು ಸ್ಕ್ರೂ ಸಡಿಲಗೊಂಡು ಮೇಜಿನ ಕೆಳಗೆ ಬಿತ್ತು. ಮುಳ್ಳಪ್ಪನವರು ಭೂತಗನ್ನಡಿ ಸಿಕ್ಕಿಸಿಕೊಂಡು ಮಂಡಿಯೂರಿ ಅದನ್ನು ಹುಡುಕತೊಡಗಿದರು. ಮನಸ್ಸು ಮಾತ್ರ ಆಕಾಶದಲ್ಲಿತ್ತು, ಹಾಗಾಗಿ ಅಲ್ಲಿಂದಲೇ ಅಡುಗೆಮನೆಗೆ ಕೇಳುವಂತೆ ಕೂಗಿದರು.

"ನೋಡಿದ್ಯೇನೇ? ಇದಕ್ಕೆ ವಿದ್ಯೆ ಅನ್ನೋದು! ನಿನ್ನ ತಮ್ಮನಿಗೆ ಏನು ಬರುತ್ತೆ? ಹಿಂದೆ ಕವರ್ ಹಾಕೋದು, ಮುಂದೆ ಗಾಜು ಅಂಟಿಸೋದು! ಅದರಲ್ಲೂ ಗಾಳಿಗುಳ್ಳೆ ಬಿಡ್ತಾನೆ! ಸ್ಕ್ರೂಡ್ರೈವರ್‌ನ ಯಾವ ತುದಿ ಹಿಡೀಬೇಕು ಅನ್ನೋದು ಕೂಡ ಗೊತ್ತಿಲ್ಲ ಅವನಿಗೆ. ನಾಳೆ ಬರ್ಲಿ, ಈ ಯಂತ್ರದ ಮುಂದೆ ಕೂರಿಸಿ ಪಾಠ ಮಾಡ್ತೀನಿ! ಆ ಮಗುವಾದ್ರೂ ಅವರಪ್ಪನ ಹಾಗೆ ಆಗದೆ ಸೋದರಮಾವನ..."

ಇಲ್ಲಿ ನಿಂತರು. ತಾವು ಮಗುವಿಗೆ ಸೋದರಮಾವ ಅಲ್ಲ, ಇನ್ನೇನೋ ಆಗಬೇಕು ಎಂದು ಲೆಕ್ಕ ಹಾಕುವಷ್ಟರಲ್ಲಿ ಮೇಜಿನ ಮೇಲಿಂದ ಒಂದು ಧ್ವನಿ ಬಂತು.

"ಭಾವ, ಆ ಕ್ಯಾರೆಟ್ ಸ್ವಲ್ಪ ಪಕ್ಕಕ್ಕಿಡ್ತೀರಾ? ಮುಖಕ್ಕೇ ಬರ್ತಿದೆ, ಮಗು ಹೆದರ್ತಿದೆ."

ಮುಳ್ಳಪ್ಪನವರ ತಲೆ ಮೇಜಿಗೆ ಹೊಡೆಯಿತು. ನಡೆದದ್ದಿಷ್ಟು: ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಲು ಭಾಮೈದ ವಿಡಿಯೋ ಕರೆ ಮಾಡಿದ್ದ. ಕರೆ ಸ್ವೀಕರಿಸುವ ಹಸಿರು ಗುಂಡಿ ಕ್ಯಾರೆಟ್ಟು ಮುಟ್ಟುವ ಜಾಗದಲ್ಲೇ ಮೂಡಿತ್ತು. ಕ್ಯಾರೆಟ್ಟು ತನ್ನ ಕರ್ತವ್ಯ ಮಾಡಿತ್ತು. ಮೇಜಿನ ಕೆಳಗಿಂದ ತಲೆ ಎತ್ತಿದ ಮುಳ್ಳಪ್ಪನವರಿಗೆ ಪರದೆಯಲ್ಲಿ ಕಂಡದ್ದು ಭಾಮೈದ, ಅವನ ಹೆಂಡತಿ, ಅವಳ ತೋಳಲ್ಲಿ ಕಣ್ಣರಳಿಸಿದ ಮಗು. ಆ ಕಡೆಯವರಿಗೆ ಕಂಡದ್ದು ಒಂದೇ ಕಣ್ಣಿಗೆ ಕನ್ನಡಿ ಸಿಕ್ಕಿಸಿಕೊಂಡ, ನೆತ್ತಿ ಉಜ್ಜಿಕೊಳ್ಳುತ್ತಿದ್ದ ಭಾವ.

"ನೀನು... ಯಾವಾಗ ಬಂದ್ಯಪ್ಪಾ?"

"ಸ್ಕ್ರೂಡ್ರೈವರ್‌ಗಿಂತ ಸ್ವಲ್ಪ ಮುಂಚೆ, ಭಾವ."

ಯಜಮಾನಿಯವರು ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದರು. ಗಂಡನ ಮುಖ ನೋಡಿದರು, ಪರದೆ ನೋಡಿದರು. ಅರ್ಥವಾದದ್ದನ್ನು ಅರ್ಥವಾಗದವರಂತೆ ಪಕ್ಕಕ್ಕಿಟ್ಟು ತಮ್ಮನಿಗೆ ಹದಿನೈದು ಸೆಕೆಂಡಿನ ಕಥೆಯನ್ನೆಲ್ಲ ಹೇಳಿದರು.

"ಅಕ್ಕ, ಅದಕ್ಕೆ ಇಷ್ಟೆಲ್ಲ ಯಾಕೆ? ಸೆಟ್ಟಿಂಗ್ಸ್‌ಗೆ ಹೋಗು. ಡಿಸ್‌ಪ್ಲೇ ಅಂತ ಇದೆ ನೋಡು, ಒತ್ತು. ಕೆಳಗೆ ಪರದೆ ಎಷ್ಟು ಹೊತ್ತು ಇರಬೇಕು ಅಂತ ಇದೆಯಲ್ಲ, ಅಲ್ಲಿ ಏನಿದೆ?"

"ಹದಿನೈದು ಸೆಕೆಂಡು."

ಭಾಮೈದ ಹುಬ್ಬೇರಿಸಿದ. "ಯಾರಿಟ್ರು ಅದನ್ನ? ಹೆಣಿಗೆ ಹಾಕುವಾಗ ನೋಡ್ತೀಯ ಅಂತ ನಾನು ಹತ್ತು ನಿಮಿಷಕ್ಕೆ ಇಟ್ಟೇ ಕೊಟ್ಟಿದ್ದೆ. ಅದು ತಾನಾಗೇ ಬದಲಾಗಲ್ಲ. ಬ್ಯಾಟರಿ ಉಳಿಸೋಕೆ ಅಂತ ಯಾರಾದ್ರೂ ಅಲ್ಲಿ ಇಲ್ಲಿ ಒತ್ತಿದ್ರಾ?"

ಯಜಮಾನಿಯವರು ನಿಧಾನವಾಗಿ ಗಂಡನ ಕಡೆ ತಿರುಗಿದರು. ಮುಳ್ಳಪ್ಪನವರು ಮತ್ತೆ ಮೇಜಿನ ಕೆಳಗೆ ಹೋಗಿ ಸ್ಕ್ರೂ ಹುಡುಕತೊಡಗಿದ್ದರು. ಅದು ಆಗಲೇ ಅವರ ಮುಷ್ಟಿಯಲ್ಲಿತ್ತು.

"ಬೇಜಾರು ಮಾಡ್ಕೋಬೇಡಿ ಭಾವ," ಭಾಮೈದನ ಧ್ವನಿ ಅಲ್ಲಿಗೂ ಇಳಿದು ಬಂತು. "ನೀವು ನನ್ನನ್ನ ಕೇಳ್ಲಿಲ್ಲ, ನಾನಾಗೇ ಹೇಳಿದ್ದು. ಅಂಗಡಿ ಮುಚ್ಚಬೇಕಾಗಿಲ್ಲ."

ಈ ದೊಡ್ಡ ಮನಸ್ಸನ್ನು ಮುಳ್ಳಪ್ಪನವರಿಗೆ ತಡೆದುಕೊಳ್ಳಲಾಗಲಿಲ್ಲ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಭಾನುವಾರ ಎಲ್ಲರೂ ಬಂದರು. ಸ್ವೆಟರ್ ಮಗುವಿಗೆ ಅಳತೆ ತೆಗೆದು ಹೆಣೆದಂತೆ ಕೂತಿತು. ಮಗು ಆನೆಯ ಐದನೇ ಕಾಲನ್ನೇ ಬಾಯಿಗೆ ಹಾಕಿಕೊಂಡು ಚೀಪಿತು. ಭಾಮೈದ ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಭಾವ, ತಮಾಷೆಗಲ್ಲ, ಇಂಥ ಕೆಲಸ ನನ್ನಿಂದ ಈ ಜನ್ಮದಲ್ಲಿ ಆಗಲ್ಲ. ಎಸೀಬೇಡಿ ಇದನ್ನ," ಎಂದ. ಮುಳ್ಳಪ್ಪನವರಿಗೆ ಒಳಗೊಳಗೇ ಸಂತೋಷವಾಯಿತು. ಆದರೂ ಬಿಗುಮಾನ ಬಿಡದೆ, "ಇನ್ನು ಯಾತಕ್ಕಪ್ಪ ಅದು? ಫೋನಂತೂ ಆರಲ್ಲ," ಎಂದರು.

"ಎಸೆಯೋದಾ? ಚೆನ್ನಾಗಿದೆ!" ಎಂದರು ಯಜಮಾನಿಯವರು. "ಮನೇಲಿ ತಾನಾಗೇ ಆರಿಹೋಗೋದು ಫೋನ್ ಒಂದೇನಾ?"

ಅದರ ಅರ್ಥ ಸೋಮವಾರ ಸಂಜೆ ತಿಳಿಯಿತು. ಯಜಮಾನಿಯವರು ಹೊಸ ಹೆಣಿಗೆ ಶುರುಮಾಡಿದ್ದರು, ಈ ಸಲ ಇಡೀ ಮಂಚಕ್ಕಾಗುವ ಹೊದಿಕೆ. ಹತ್ತು ನಿಮಿಷದ ಫೋನು ಸಕ್ಕರೆ ಡಬ್ಬಿಗೆ ಒರಗಿ ನಿರಾಳವಾಗಿ ಬೆಳಗುತ್ತಿತ್ತು. ಅತ್ತೆಮಗಳ ಮನೆಯ ವಿಚಾರ ಮೊದಲಿನಿಂದ ಆರಂಭವಾಗಿತ್ತು. ಆರಾಮಕುರ್ಚಿಯಲ್ಲಿ ಮುಳ್ಳಪ್ಪನವರ ಏಕಾಗ್ರತೆ ಸರಿಯಾಗಿ ಹದಿನೈದನೇ ಸೆಕೆಂಡಿನತ್ತ ಸಾಗುತ್ತಿತ್ತು, ರೆಪ್ಪೆ ಮಂಕಾಗುತ್ತಿತ್ತು, ಆಗ ಎಡಗಿವಿಯ ಪಕ್ಕದಲ್ಲಿ ಕಟಕ್ ಎಂದಿತು. ತಣ್ಣನೆಯ, ಆಗತಾನೆ ತೊಳೆದ, ಮೂರಿಂಚಿನ ಕ್ಯಾರೆಟ್ಟು ಕೆನ್ನೆಗೆ ಬಡಿಯಿತು.

"ಏನೇ ಇದು! ತೆಗಿ ಇದನ್ನ!"

"ಕೇಳಿಸ್ಕೋತಿದೀರಾ? ಹಾಂ, ಆ ನಾದಿನಿ ಏನಂದ್ಳು ಅಂದ್ರೆ..."

ಕಟಕ್!

"ಲೇ, ನಿಲ್ಸೇ! ಇದಕ್ಕಿಂತ ಫೋನೇ ವಾಸಿ, ಅದಕ್ಕಾದ್ರೂ ಒಂದು ಸೆಟ್ಟಿಂಗ್ ಇದೆ!"

"ನಿಮ್ಮಲ್ಲಿ ಅದು ಎಲ್ಲಿದೆ ಅಂತ ನನ್ನ ತಮ್ಮನ್ನೂ ಕೇಳ್ದೆ. ಅವನಿಗೂ ಗೊತ್ತಿಲ್ವಂತೆ," ಎಂದರು ಯಜಮಾನಿಯವರು, ಕಡ್ಡಿಯಿಂದ ಕಣ್ಣು ಎತ್ತದೆ.

ಮುಳ್ಳಪ್ಪನವರು ಯಂತ್ರದ ಬೆನ್ನು ತಡಕಿದರು. ಕೀ ಪೂರ್ತಿ ಕೊಟ್ಟಾಗಿತ್ತು. ಮೂವತ್ತು ಗಂಟೆ, ಮಧ್ಯದಲ್ಲಿ ನಿಲ್ಲಿಸುವುದು ತಮ್ಮಿಂದಲೂ ಆಗದಂತೆ ಮಾಡಿದ್ದು ತಾವೇ ಎಂಬುದು ನೆನಪಾಯಿತು.

ಕಟಕ್!

"ಹೂಂ," ಎಂದರು ಮುಳ್ಳಪ್ಪನವರು, "ಆಮೇಲೆ ನಾದಿನಿ ಏನಂದ್ಳು?"