ಗಿಟಾರಿಗೊಂದು ಗೇಟು

ಹೆಂಡತಿಯ ತಮ್ಮ ಮನೆಗೆ ಬಂದು ಉಪಕಾರ ಮಾಡುತ್ತೇನೆ ಎಂದರೆ ನಂಬಬಾರದು. ನಾನು ನಂಬಿದೆ. ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ನನ್ನಂಥವರಿಗಾಗಿಯೇ ಹುಟ್ಟಿದ್ದು.

"ಭಾವ, ನಮ್ಮ ಬ್ಯಾಂಡಲ್ಲಿ ಗಿಟಾರ್ ನುಡಿಸ್ತಿದ್ದವನು ಬಿಟ್ಟು ಹೋದ. ನೀವು ಕಾಲೇಜಲ್ಲಿ ನುಡಿಸ್ತಿದ್ರಂತಲ್ಲ? ನಾನೇ ಕಟ್ಟಿದ ಹಾಡೊಂದಿದೆ, ಎಂಟೇ ಸಾಲು. ಕಲ್ತುಕೊಳ್ಳಿ. ಆರು ವಾರ ಬಿಟ್ಟು ಭಾನುವಾರ ನಾಲ್ಕಕ್ಕೆ ಬಂದು ಕೇಳ್ತೀನಿ. ಚೆನ್ನಾಗಿದ್ರೆ ಜಾಗ ನಿಮ್ದು. ಇಲ್ದಿದ್ರೆ ಔಷಧಿ ಅಂಗಡಿಯವನು ಕಾಯ್ತಾ ಇದಾನೆ."

ನಾನು ನೀರು ಸರಬರಾಜು ಕಚೇರಿಯಲ್ಲಿ ಪೈಪುಗಳ ನಕ್ಷೆ ಬರೆಯುವವನು. ಇಪ್ಪತ್ತೆರಡು ವರ್ಷದಿಂದ ಊರವರ ನಲ್ಲಿಗೆ ನೀರು ಬರುತ್ತಿರುವುದರಲ್ಲಿ ನನ್ನ ಪಾಲೂ ಇದೆ. ಆದರೆ ನಲ್ಲಿ ತಿರುಗಿಸಿ, ನೀರು ಬಂತೆಂದು ಯಾರಾದರೂ ಚಪ್ಪಾಳೆ ತಟ್ಟಿದ್ದುಂಟೇ? ಒಮ್ಮೆ, ಒಂದೇ ಒಂದು ಸಲ, ವೇದಿಕೆಯ ಮೇಲೆ ನಿಂತು ಚಪ್ಪಾಳೆ ಕೇಳಬೇಕೆಂಬ ಆಸೆ ಹುಟ್ಟಿತು. ಔಷಧಿ ಅಂಗಡಿಯವನಿಗೆ ಈ ಜಾಗ ಬಿಟ್ಟುಕೊಡಬಾರದೆಂದು ಅಂದೇ ಮಹಾಸಂಕಲ್ಪ ಮಾಡಿದೆ.

ಸಂಕಲ್ಪದ ಮೊದಲ ಹೆಜ್ಜೆಯಾಗಿ ಒಂದು ಪೆಟ್ಟಿಗೆ ತಂದೆ. ಅದಕ್ಕೆ ಆಂಪ್ ಮಾಡೆಲರ್ ಎಂದು ಹೆಸರು. ಗಿಟಾರಿನ ಸದ್ದು ಹಿಗ್ಗಿಸುವ, ಗೋಡೆಯಷ್ಟೆತ್ತರದ ಆಂಪ್‌ಗಳ ದನಿಯನ್ನೆಲ್ಲ ಒಳಗಿನ ಲೆಕ್ಕಾಚಾರದಿಂದಲೇ ಅನುಕರಿಸುವ ಮಾಯಾವಿ. ಅದರ ಪರದೆಯ ಮೇಲೆ ಎಡದಿಂದ ಬಲಕ್ಕೊಂದು ಗೆರೆ. ಎಡಗಡೆ ಗಿಟಾರಿನ ದನಿ ಹೊಕ್ಕು ಬಲಗಡೆ ಸ್ಪೀಕರಿಗೆ ಹೊರಡುತ್ತದೆ. ನಡುವೆ ನಮಗೆ ಬೇಕಾದ ಮಸಾಲೆಗಳನ್ನು ಒಂದರ ಮುಂದೊಂದು ಜೋಡಿಸಬೇಕು. ನೋಡಿದೊಡನೆ ಎದೆ ಉಬ್ಬಿತು. ಇದು ಪೈಪ್‌ಲೈನ್! ನನ್ನ ಹೊಟ್ಟೆಪಾಡು!

ಇಲ್ಲಿ ನನ್ನ ಹೆಂಡತಿಯ ಪರಿಚಯ ಅಗತ್ಯ. ಅವಳು ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿ. ಮೈದಾನದ ಈ ತುದಿಯಲ್ಲಿ ನಿಂತು ಒಮ್ಮೆ ಕೂಗಿದರೆ ಆ ತುದಿಯಲ್ಲಿ ಸಾಲು ತಪ್ಪಿದ ಮಕ್ಕಳು ನೆಟ್ಟಗಾಗುತ್ತಾರೆ. (ನಾನೂ.) ದಿನವಿಡೀ ಗದ್ದಲದಲ್ಲಿದ್ದು ಬರುವ ಅವಳಿಗೆ ಮನೆಯಲ್ಲಿ ಸದ್ದಾಗಬಾರದು. ಹಾಗಾಗಿ ನಾನು ಬಾಗಿಲು ಹಾಕುವುದು ಮೆಲ್ಲಗೆ, ಚಮಚ ಇಡುವುದು ಮೆಲ್ಲಗೆ, ಸೀನುವುದು ದಿಂಬಿನೊಳಗೆ. ಗಿಟಾರನ್ನೂ ಹೆಡ್‌ಫೋನ್ ಹಾಕಿಕೊಂಡು, ತಂತಿಗೆ ನೋವಾಗದಂತೆ ಸವರುತ್ತಿದ್ದೆ. ಆದರೆ ಹೆಡ್‌ಫೋನ್ ಹಾಕಿದವನಿಗೆ ತಾನು ಗುನುಗುವುದು ಕೇಳುವುದಿಲ್ಲ. ಅವಳಿಗೆ ಕೇಳುತ್ತಿತ್ತು, ಎಂಟು ಸಾಲೂ, ದಿನವೂ.

ಎರಡನೆಯ ವಾರ ಅವಳ ಅಪ್ಪಣೆ ಪಡೆದು ಸ್ಪೀಕರಿಗೆ ಜೋಡಿಸಿದೆ. ರಿವರ್ಬ್ ಎಂದರೆ ಖಾಲಿ ಸಭಾಂಗಣದಲ್ಲಿ ಹಾಡಿದಂಥ ಗುಂಗು. ಡಿಸ್ಟಾರ್ಷನ್ ಎಂದರೆ ದನಿಯನ್ನು ಬೇಕೆಂದೇ ಒರಟು ಮಾಡುವುದು. ಮೊದಲು ಗುಂಗು, ಆಮೇಲೆ ಒರಟು ಎಂದು ಜೋಡಿಸಿ ತಂತಿ ಮೀಟಿದೆ. ಇಡೀ ಸಭಾಂಗಣವೇ ಒರಟಾಗಿ ಮೇಲೆ ಬಿತ್ತು.

"ಏನ್ರೀ ಅದು? ಜಲ್ಲಿ ಲಾರಿ ಬಂತಾ?"

"ಸಿಗ್ನಲ್ ರೂಟಿಂಗ್ ಕಣೇ. ನಿಂಗೆ ಅರ್ಥ ಆಗಲ್ಲ."

"ಯಾವುದು ಮೊದಲು ಹಾಕಿದ್ರಿ?"

ಹೇಳಿದೆ.

"ಇಸ್ತ್ರಿ ಮಾಡಿ ಆಮೇಲೆ ಬಟ್ಟೆ ಒಗೀತಾರೇನ್ರೀ ಯಾರಾದ್ರೂ? ತಿರುಗಿಸಿ ಹಾಕಿ."

ಅವಳು ಒಳಗೆ ಹೋದ ಮೇಲೆ ತಿರುಗಿಸಿ ಹಾಕಿದೆ. ಸರಿಹೋಯಿತು. (ಈ ಸಂಗತಿ ನನಗೆ ಮತ್ತು ಪೆಟ್ಟಿಗೆಗೆ ಮಾತ್ರ ಗೊತ್ತು. ಈಗ ನಿಮಗೆ.)

ಆಮೇಲೆ ನನ್ನ ಛಲ ಊಟ ನಿದ್ದೆಗಳನ್ನು ಮೀರಿ ಬೆಳೆಯಿತು. ಪೆಟ್ಟಿಗೆಯಲ್ಲಿ ಮೈಕಿಗೂ ಒಂದು ತೂತಿತ್ತು. ಖಾಲಿ ಬಿಡುವುದೇಕೆ? ಹಾಡುತ್ತ ನುಡಿಸುವ ಕಲಾವಿದನಾಗೋಣವೆಂದು ಮೈಕ್ ತಂದೆ. ಗಿಟಾರಿಗೊಂದು ಲೈನು, ಮೈಕಿಗೊಂದು ಲೈನು, ಎರಡೂ ಮುಂದೆ ಒಂದಾಗಿ ರಿವರ್ಬ್ ದಾಟಿ ಹೊರಗೆ. ಕಚೇರಿಯ ಯಾವ ನಕ್ಷೆಯೂ ನನ್ನ ಕೈಯಲ್ಲಿ ಇಷ್ಟು ಚೆನ್ನಾಗಿ ಮೂಡಿರಲಿಲ್ಲ.

"ದನಿ ಜೋಡಿಸೋದೇ ಆಯ್ತು. ಹಾಡು ನುಡಿಸೋದು ಯಾವಾಗ?" ಎಂದಳು ಐದನೆಯ ವಾರ.

"ದನಿ ಸರಿಹೋದ್ರೆ ಹಾಡು ತಾನಾಗೇ ಬರುತ್ತೆ."

"ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ. ನೀವು ನೆಲ ಸರಿ ಮಾಡ್ತಾನೇ ಇರಿ."

ಆ ಭಾನುವಾರ ಬಂತು. ಬೆಳಿಗ್ಗೆ ಎಲ್ಲವನ್ನೂ ಹಾಲಿನ ದೊಡ್ಡ ಸ್ಪೀಕರಿಗೆ ಜೋಡಿಸಿ ಸ್ವಿಚ್ ಒತ್ತಿದರೆ ಬಂದದ್ದು ಸಂಗೀತವಲ್ಲ, ಗುಂಯ್ ಎಂಬ ಒಂದೇ ರಾಗ. ಕೇಬಲ್ ಬದಲಿಸಿದೆ, ಫ್ಯಾನ್ ಆರಿಸಿದೆ, ಫ್ರಿಜ್ಜಿನ ಪ್ಲಗ್ ಕಿತ್ತೆ. ಗುಂಯ್.

"ಜೇನು ಸಾಕಿದೀರಾ? ನನ್ನ ತಮ್ಮ ಇದನ್ನ ಕೇಳೋಕೆ ಬರ್ತಾನಾ?"

ಆಗ ಹೊಳೆಯಿತು, ನಾಯ್ಸ್ ಗೇಟ್. ಅದು ಲೈನಿನ ನಡುವೆ ಕೂರಿಸುವ ಕಾವಲುಗಾರ. ಸಣ್ಣ ಸದ್ದು ಬಂದರೆ ಗಲಾಟೆ ಎಂದು ಬಾಗಿಲು ಮುಚ್ಚುತ್ತದೆ, ದೊಡ್ಡ ಸದ್ದು ಬಂದರೆ ತೆರೆಯುತ್ತದೆ. ಎಷ್ಟು ದೊಡ್ಡ ಸದ್ದಿಗೆ ತೆರೆಯಬೇಕೆಂದು ನಾವೇ ಹೇಳಬೇಕು. ಎರಡು ಲೈನೂ ಸೇರುವ ಜಾಗದಲ್ಲಿ ಅದನ್ನು ಕೂರಿಸಿ ಗುಂಡಿ ತಿರುಗಿಸಿದೆ. ಗುಂಯ್ ತೆಳುವಾಯಿತು. ಇನ್ನೂ ತಿರುಗಿಸಿದೆ. ಇನ್ನೂ. ಗುಂಯ್ ಸತ್ತಿತು! ಮನೆ ನಿಶ್ಶಬ್ದ.

"ಆರು ವಾರದಲ್ಲಿ ಇವತ್ತೇ ರೀ ಚೆನ್ನಾಗಿರೋದು," ಎಂದಳು ಮನಸಾರೆ. "ನಾಲ್ಕು ಗಂಟೆ ತನಕ ಅದನ್ನ ಮುಟ್ಟಬೇಡಿ."

ಹೆಂಡತಿ ಮುಟ್ಟಬೇಡಿ ಎಂದದ್ದನ್ನು ಮುಟ್ಟುವ ಅಭ್ಯಾಸ ನನಗಿಲ್ಲ.

ನಾಲ್ಕಕ್ಕೆ ಬಾಮೈದ ಬಂದು ಟೀ ಲೋಟ ಹಿಡಿದು ಸೋಫಾದಲ್ಲಿ ಕೂತ. ನಾನು ಕಣ್ಣು ಮುಚ್ಚಿ ಮೊದಲ ಸಾಲು ನುಡಿಸಿದೆ. ಬೆರಳು ಹೋಗಬೇಕಾದಲ್ಲಿಗೇ ಹೋಯಿತು. ಎರಡನೆಯ ಸಾಲೂ ನುಡಿಸಿದೆ.

"ಶುರು ಮಾಡಿ ಭಾವ," ಎಂದ.

"ಶುರುವಾಗಿ ಎರಡು ಸಾಲು ಆಯ್ತಲ್ಲೋ!"

ಸ್ಪೀಕರಿನಿಂದ ಒಂದು ಪಿಸುಮಾತೂ ಇಲ್ಲ. ಕೇಬಲ್ ಅಲ್ಲಾಡಿಸಿದೆ. ಜೋರಾಗಿ ಮೀಟಿದೆ. (ನನ್ನ ಜೋರು ಎಂದರೆ ಬೇರೆಯವರ ಮೆಲ್ಲಗೆ.) ಕಾವಲುಗಾರ ಜಪ್ಪಯ್ಯ ಎನ್ನಲಿಲ್ಲ. ಹಣೆಯ ಬೆವರು ಗಿಟಾರಿನ ಮೇಲೆ ತೊಟ್ಟಿಕ್ಕಿತು. ಆರು ವಾರದ ತಪಸ್ಸು ಕಣ್ಣೆದುರೇ ನೀರುಪಾಲಾಗುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ನನ್ನ ಮುಖ ನೋಡಿ ಅಯ್ಯೋ ಅನಿಸಿರಬೇಕು. ಸೀದಾ ಮೈಕಿನ ಮುಂದೆ ಬಂದಳು. "ಪಾಪ, ಕಷ್ಟಪಟ್ಟಿದಾರೆ ಕಣೋ. ಇವರು ನುಡಿಸೋದು ಹೀಗಿದೆ ಕೇಳು," ಎಂದು ಮೈದಾನ ತುಂಬುವ ಆ ಗಂಟಲಲ್ಲಿ ಹಾಡೇ ಬಿಟ್ಟಳು.

ಗೇಟು ಹಾರುಹೊಡೆದು ತೆರೆಯಿತು. ನಾನು ಆರು ವಾರ ತಿದ್ದಿ ತೀಡಿದ ರಿವರ್ಬ್ ಅವಳ ದನಿಯನ್ನು ಎತ್ತಿ ಮನೆಯ ತುಂಬ ಹರಡಿತು. ಬಾಮೈದನ ಲೋಟ ಬಾಯಿಯ ಹತ್ತಿರವೇ ನಿಂತಿತು. ನಾನು ನುಡಿಸುವುದನ್ನೂ ಮರೆತು ಬಾಯಿ ತೆರೆದುಕೊಂಡು ನಿಂತೆ. ಇಪ್ಪತ್ತೆರಡು ವರ್ಷ ಈ ದನಿಗೆ ಹೆದರಿದ್ದೆ, ಅದು ಇಷ್ಟು ಚೆಂದವೆಂದು ತಿಳಿದಿರಲಿಲ್ಲ. ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

"ಅಕ್ಕಾ! ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ? ಗಿಟಾರಿಗೆ ಬೇಕಾದ್ರೆ ಔಷಧಿ ಅಂಗಡಿಯವನಿದಾನೆ. ಇಂಥ ದನಿ ನಮ್ಮಲ್ಲಿ ಯಾರಿಗಿದೆ?"

"ನಿಲ್ಲೋ!" ಎಂದೆ. ಮನೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. "ನನ್ನ ಸರದಿ ಮುಗಿದಿಲ್ಲ. ತಪ್ಪು ಗೇಟಿನದು, ನನ್ನದಲ್ಲ."

ಗೇಟನ್ನು ಕಿತ್ತೆಸೆದೆ. ಗುಂಯ್ ಮರಳಿ ಬಂತು, ಬರಲಿ! ಎಂಟೂ ಸಾಲನ್ನು, ಉಗುರು ಮುರಿಯುವಂತೆ, ಕಿಟಕಿಯ ಗಾಜು ನಡುಗುವಂತೆ, ಒಂದೂ ಬಿಡದೆ ನುಡಿಸಿದೆ. ಬಾಮೈದ ಒಳ್ಳೆಯ ಹುಡುಗ. ಕೊನೆಯವರೆಗೂ ಅಲ್ಲಾಡದೆ ಕೇಳಿದ. ಆಮೇಲೆ ತುಂಬ ಮರ್ಯಾದೆಯಿಂದ ಕೆಮ್ಮಿದ.

"ಭಾವ, ಒಂದು ಮಾತು. ಮೊದಲು ಹಾಕಿದ್ರಲ್ಲ, ಆ ಗೇಟು..."

"ಹೂಂ, ಹೇಳು."

"ಅದು ಸರಿಯಾಗೇ ಇತ್ತು."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಪಾತ್ರೆಗಳ ನಡುವಿನಿಂದ ಅವಳ ನಗು ಬಹಳ ಹೊತ್ತು ಕೇಳಿಸುತ್ತಿತ್ತು. ಆದರೂ ರಾತ್ರಿ ಊಟಕ್ಕೆ ಕೂತಾಗ ಅವಳೇ ಹೇಳಿದಳು: "ಬಿಡ್ಬೇಡಿ ರೀ, ನುಡಿಸ್ತಾ ಇರಿ. ಹೆಡ್‌ಫೋನ್ ಹಾಕ್ಕೊಂಡು." ಬಿಡುವವನು ನಾನಲ್ಲ. ಮರುದಿನವೇ ಮತ್ತೆ ಒಂದನೆಯ ಸಾಲಿನಿಂದ ಶುರು ಮಾಡಿದ್ದೇನೆ.

ನಿನ್ನೆ ನನ್ನ ಫೋನಿಗೆ ಬಾಮೈದನ ಸಂದೇಶ ಬಂತು. "ಬುಧವಾರ ಆರಕ್ಕೆ ಬ್ಯಾಂಡಿನ ಅಭ್ಯಾಸ. ತರಬೇಕಾದ್ದು: ಅಕ್ಕ, ನಿಮ್ಮ ಪೆಟ್ಟಿಗೆ, ಉದ್ದದ ಕೇಬಲ್ ಎರಡು. ಪೆಟ್ಟಿಗೆ ಹೊರೋಕೆ ಅಕ್ಕನಿಗೆ ಭಾರ ಆದ್ರೆ ನೀವೂ ಬನ್ನಿ ಭಾವ."

ಪೆಟ್ಟಿಗೆ ಅಂಥ ಭಾರವೇನಿಲ್ಲ, ಒಂದೇ ಕೈಯಲ್ಲಿ ಎತ್ತಬಹುದು. ವಿಪರೀತ ಭಾರ ಎಂದು ಉತ್ತರ ಬರೆದು ಕಳಿಸಿದ್ದೇನೆ.